ಹುಣಸೆಹಣ್ಣು ಹಾಕಿ ತೊಳೆದ ಎಂಜಿನ್

ಊಟದ ಮೇಜಿನ ಮೇಲೆ ನೀರಿನ ಲೋಟವನ್ನು ಎಲ್ಲಿಡಬೇಕು ಎಂಬುದನ್ನು ಶೋಭನಾ ನಡುವಯಸ್ಸಿನಲ್ಲಿ ಹೊಸದಾಗಿ ಕಲಿತಳು. ತಟ್ಟೆಯ ಬಲಕ್ಕಿಟ್ಟರೆ ಗಂಡ ರಾಜಗೋಪಾಲನ ಕೈ ತಗುಲಿ ಉರುಳುತ್ತಿತ್ತು. ಎಡಕ್ಕಿಟ್ಟರೂ ಅದೇ ಗತಿ. ತಟ್ಟೆಯ ಎದುರಿಗೆ, ಅವನ ಮೂಗಿನ ನೇರಕ್ಕೆ ಇಟ್ಟರೆ ಮಾತ್ರ ಉಳಿಯುತ್ತಿತ್ತು. ಹಾಗೇ ಇಡುವುದು ರೂಢಿಯಾಯಿತು. ಅದರ ಬಗ್ಗೆ ಗಂಡ ಹೆಂಡತಿ ಒಂದು ಮಾತೂ ಆಡಿರಲಿಲ್ಲ.

ಆಗಸ್ಟ್ ಕೊನೆಯಲ್ಲಿ ರಾಜಗೋಪಾಲನ ತಾಯಿ ಅನಸೂಯಮ್ಮ ತುಮಕೂರಿನ ಮಗಳ ಮನೆಯಿಂದ ಸ್ವೀಡನ್ನಿನ ಟ್ರೋಲ್‌ಹೆಟ್ಟನ್ನಿಗೆ ಬಂದರು. ವೀಸಾ ಕೊಟ್ಟಷ್ಟು ದಿನ, ಅಂದರೆ ನವೆಂಬರ್ ಕೊನೆಯವರೆಗೆ ಇರುವುದೆಂದು ತೀರ್ಮಾನವಾಗಿತ್ತು. ಬಂದ ದಿನವೇ ಸೊಸೆಯ ಕೈಯಿಂದ ಸೌಟು ಕಿತ್ತುಕೊಂಡು ಮಗನಿಗೆ ತಾವೇ ಬಡಿಸಿದರು. ಲೋಟವನ್ನು, ಅವನು ಪುಟ್ಟವನಿದ್ದಾಗ ಇಡುತ್ತಿದ್ದಂತೆ, ಬಲಕ್ಕಿಟ್ಟರು. ಅನ್ನ ಕಲಸುವಷ್ಟರಲ್ಲಿ ಲೋಟ ಉರುಳಿ ನೀರೆಲ್ಲ ಅವನ ತೊಡೆಯ ಮೇಲೆ ಸುರಿಯಿತು.

“ಎಲ್ಲಿಟ್ಟಿದ್ಯೋ ಜ್ಞಾನಾನ?” ಎಂದರು ಅನಸೂಯಮ್ಮ.

“ಕಾರಿನ ಮೇಲೆ ಅತ್ತೆ, ಇನ್ನೆಲ್ಲಿ,” ಎನ್ನುತ್ತ ಶೋಭನಾ ಬಟ್ಟೆ ತಂದು ಒರೆಸಿದಳು. ಸುಳ್ಳು ಹೇಳಲು ತನಗೆ ಇಷ್ಟು ಸಲೀಸಾಗಿ ಬರುತ್ತದೆಂದು ಅವಳಿಗೇ ಗೊತ್ತಿರಲಿಲ್ಲ. ಅತ್ತೆ ಮಗನ ಮುಖವನ್ನು ಸ್ವಲ್ಪ ಹೊತ್ತು ನೋಡಿ, ಆಮೇಲೆ ಮಜ್ಜಿಗೆ ಬಡಿಸಿದರು. ಮರುದಿನದಿಂದ ಅವರೂ ಲೋಟವನ್ನು ಎದುರಿಗೇ ಇಡತೊಡಗಿದರು. ಈ ಮನೆಯ ಪದ್ಧತಿ ನೋಡಿ ಕಲಿತುಕೊಂಡರು ಎಂದು ಶೋಭನಾ ಅಂದುಕೊಂಡಳು.

ರಾಜಗೋಪಾಲನ ಕಣ್ಣು ಹೋಗುತ್ತಿತ್ತು. ಎದುರಿಗಿದ್ದದ್ದು ಸೂಜಿಯ ಮೊನೆಯಷ್ಟಿದ್ದರೂ ಕಾಣುತ್ತಿತ್ತು. ಅಕ್ಕಪಕ್ಕದ್ದು ಮಾತ್ರ ವರ್ಷದಿಂದ ವರ್ಷಕ್ಕೆ ಅಳಿಸಿಹೋಗುತ್ತಿತ್ತು. ಕತ್ತಲಾದ ಮೇಲೆ ಅವನು ಕಾರು ಮುಟ್ಟುವುದನ್ನು ಬಿಟ್ಟು ಎಷ್ಟೋ ಕಾಲವಾಗಿತ್ತು. ಹಿಂದಿನ ವರ್ಷದ ವಸಂತದಲ್ಲಿ ಕ್ಲಿನಿಕ್ಕಿನ ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದ್ದರು: ಹಗಲಲ್ಲಿ ಓಡಿಸಲು ಈಗಿನ ಮಟ್ಟಿಗೆ ಅಡ್ಡಿಯಿಲ್ಲ, ಆದರೆ ಮುಂದಿನ ವರ್ಷ ನವೆಂಬರಿನಲ್ಲಿ ಮತ್ತೆ ಪರೀಕ್ಷೆ ಮಾಡಿದಾಗ ಸಾರಿಗೆ ಇಲಾಖೆಗೆ ತಿಳಿಸಲೇಬೇಕಾಗಿ ಬರುತ್ತದೆ, ಲೈಸೆನ್ಸ್ ಹೋಗುತ್ತದೆ. ಔಷಧಿಯಿಲ್ಲ. ಇದು ತಾಯಿಯ ಕಡೆಯಿಂದ ಗಂಡುಮಕ್ಕಳಿಗೆ ಇಳಿಯುವ ಕಾಯಿಲೆ, ಮಗಳು ಅಹನಾಳ ಕಣ್ಣಿಗೆ ಏನೂ ಆಗದು ಎಂದರು.

ತಾಯಿಯ ಕಡೆಯಿಂದ ಎಂಬ ಆ ಮಾತಿಗಾಗಿಯೇ ರಾಜಗೋಪಾಲ ಅಮ್ಮನಿಗೆ ವಿಷಯ ತಿಳಿಸಕೂಡದೆಂದು ಹೆಂಡತಿಯಿಂದ ಮಾತು ತೆಗೆದುಕೊಂಡಿದ್ದ. ಹೆತ್ತವಳು ಅದನ್ನು ಕೇಳಿಸಿಕೊಂಡು ಈ ವಯಸ್ಸಿನಲ್ಲಿ ಎಲ್ಲಿಡಬೇಕು?

ಇನ್ನು ಆ ಕಾರು. ಬೇಸಿಗೆಯ ಶನಿವಾರಗಳಂದು ಊರಿನ ದೊಡ್ಡ ಬೀದಿಯಲ್ಲಿ ಹಳೇ ಕಾರುಗಳ ಮೆರವಣಿಗೆ ನಡೆಯುತ್ತಿತ್ತು. ಅವುಗಳಲ್ಲಿ ಹಾಟ್ ರಾಡ್ ಎಂಬ ಒಂದು ಜಾತಿ. ಅಜ್ಜನ ಕಾಲದ ಕಾರಿನ ಮೈ ಇಟ್ಟುಕೊಂಡು, ಅದನ್ನು ನೆಲಕ್ಕೆ ತಗ್ಗಿಸಿ, ಬಾನೆಟ್ ಕಿತ್ತೆಸೆದು, ಒಳಗೆ ದೈತ್ಯ ಎಂಜಿನ್ ಕೂರಿಸಿ, ಅದು ಹೊಟ್ಟೆ ಬಗೆದಂತೆ ಎಲ್ಲರಿಗೂ ಕಾಣಲೆಂದು ಬಿಡುವುದು. ರಾಜಗೋಪಾಲ ಐಸ್‌ಕ್ರೀಂ ಹಿಡಿದು ಅವನ್ನು ನೋಡುತ್ತ ನಿಂತರೆ ಐಸ್‌ಕ್ರೀಂ ಕರಗಿ ಮೊಣಕೈಗಿಳಿದರೂ ಗೊತ್ತಾಗುತ್ತಿರಲಿಲ್ಲ. ರಿಟೈರಾದ ಮೇಲೆ ನಾನೂ ಒಂದು ಕಟ್ಟುತ್ತೇನೆ ಎನ್ನುತ್ತಿದ್ದ. ಡಾಕ್ಟರ ಮಾತು ಕೇಳಿ ಬಂದ ವಾರವೇ ಯಾರದೋ ಹೊಲದ ಕೊಟ್ಟಿಗೆಯಲ್ಲಿ ಕೋಳಿಗಳ ವಸತಿಯಾಗಿದ್ದ ಐವತ್ತರ ದಶಕದ ವೋಲ್ವೋ ಒಂದನ್ನು ಲಾರಿಯಲ್ಲಿ ಹೇರಿಸಿಕೊಂಡು ಬಂದು ಗ್ಯಾರೇಜಿನಲ್ಲಿ ಇಳಿಸಿದ. ಶೋಭನಾಳ ಅಕ್ಕಿ ಮೂಟೆ, ಉಪ್ಪಿನಕಾಯಿ ಭರಣಿಗಳು ಗ್ಯಾರೇಜಿನಿಂದ ಹೊರಬಿದ್ದು ಮೆಟ್ಟಿಲ ಕೆಳಗೆ ಸೇರಿದವು.

ಕೆಲಸ ಗೊತ್ತಿತ್ತೇ? ವಿಮಾನದ ಎಂಜಿನ್ ಮಾಡುವ ಕಾರ್ಖಾನೆಯಲ್ಲಿ ಎಂಜಿನಿಯರ್ ಎಂಬುದೇನೋ ಸರಿ, ಆದರೆ ಅವನು ಮುಟ್ಟುತ್ತಿದ್ದದ್ದು ಕಂಪ್ಯೂಟರಿನ ಮೌಸ್ ಒಂದನ್ನೇ. ವಿಡಿಯೊ ನೋಡಿ ವೆಲ್ಡಿಂಗ್ ಕಲಿತ. ಮೊದಲ ವೆಲ್ಡು ಜಿಲೇಬಿಯಂತೆ ಸುತ್ತಿಕೊಂಡಿತು, ಎರಡನೆಯದು ಕಾರಿನ ತಳ ಕರಗಿಸಿ ಬುಟ್ಟಿ ತೂರುವಷ್ಟು ತೂತು ಮಾಡಿತು. ಊರಿನ ಹಾಟ್ ರಾಡ್ ಕ್ಲಬ್ಬಿನವರು ನಕ್ಕು, ಕೈಹಿಡಿದು ತೋರಿಸಿಕೊಟ್ಟರು. ಶೋಭನಾಳ ದೋಸೆ ಹೆಂಚು ಎಂಜಿನ್ ಎಣ್ಣೆ ಸೋರುವ ಜಾಗದ ಕೆಳಗೆ ಸಿಕ್ಕಿದ ದಿನ ಮನೆಯಲ್ಲಿ ದೊಡ್ಡ ಜಗಳವೇ ಆಯಿತು. ಜಗಳದ ನಡುವೆ ಅವನು, “ಒಂದೇ ಒಂದು ಸಲ ಕಣೆ. ನಾನು ಓಡಿಸ್ಬೇಕು, ನೀನು ಪಕ್ಕದಲ್ಲಿ ಕೂತಿರ್ಬೇಕು. ಕಾಲುವೆ ಗೇಟ್ ತನಕ ಹೋಗಿ ಬರೋದು. ಆಮೇಲೆ ಕೀ ಅಹನಾಗೆ ಕೊಟ್ಬಿಡ್ತೀನಿ” ಎಂದ. ಅಂದಿನಿಂದ ಶೋಭನಾ ಹೆಂಚಿನ ಮಾತೆತ್ತಲಿಲ್ಲ.

ನವೆಂಬರಿನ ಪರೀಕ್ಷೆಗೆ ಮುಂಚೆ ಕಾರು ರಸ್ತೆಗಿಳಿಯಬೇಕಿತ್ತು. ಅತ್ತೆ ಬರುವ ಹೊತ್ತಿಗೆ ಮೈ, ಚಕ್ರ, ಬ್ರೇಕು, ಸೀಟು ಎಲ್ಲ ಮುಗಿದು ಎಂಜಿನ್ ಒಂದೇ ಉಳಿದಿತ್ತು. ಅಕ್ಟೋಬರಿನ ಹೊತ್ತಿಗೆ ಊರಾಚೆಯ ವರ್ಕ್‌ಶಾಪಿನಲ್ಲಿ ಅದರ ಒಳಗೋಡೆಗಳನ್ನು ಹೊಸದಾಗಿ ಕೊರೆಸಿ, ಕ್ರ್ಯಾಂಕ್ ಶಾಫ್ಟನ್ನು ಕನ್ನಡಿಯಂತೆ ಅರೆಸಿ ತಂದದ್ದಾಗಿತ್ತು. ಗ್ಯಾರೇಜಿನ ಮೇಜಿನ ಮೇಲೆ ಎಲ್ಲವೂ ಎಣ್ಣೆ ಸವರಿಸಿಕೊಂಡು, ಪ್ಲಾಸ್ಟಿಕ್ ಹೊದ್ದು ಸಾಲಾಗಿ ಮಲಗಿದ್ದವು. ಮರುವಾರ ಜೋಡಿಸುವುದು, ಅದರ ಮರುವಾರ ಸರ್ಕಾರದ ತಪಾಸಣೆ, ಆಮೇಲೆ ಕಾಲುವೆ ಗೇಟು.

ಅನಸೂಯಮ್ಮನಿಗೆ ಕಾರು ಹಿಡಿಸಲಿಲ್ಲ. ದಿನಾ ಸಂಜೆ ಗ್ಯಾರೇಜಿನ ಬಾಗಿಲಲ್ಲಿ ಸ್ವೆಟರಿನ ಮೇಲೆ ಶಾಲು ಹೊದ್ದು ನಿಂತು ಟೀಕೆ ಮಾಡುವರು. ಬಾನೆಟ್ಟೇ ಇಲ್ಲದ ಕಾರು ಎಂದರೆ ಸೆರಗಿಲ್ಲದ ಸೀರೆ ಎನ್ನುವರು. ಈ ವಯಸ್ಸಿನಲ್ಲಿ ಇಷ್ಟು ಜೋರು ಗಾಡಿ ನಿನಗ್ಯಾಕೆ, ಬಸ್ಸಿದೆ, ರೈಲಿದೆ, ಆರಾಮಾಗಿ ಕಿಟಕಿ ಪಕ್ಕ ಕೂತು ಹೋಗಬಾರದೇ ಎನ್ನುವರು. ಮಗ ನಗುತ್ತ ಸ್ಪ್ಯಾನರ್ ತಿರುಗಿಸುವನು. ಕಾರ್ಲ್‌ಸ್ಟಾಡಿನಲ್ಲಿ ಓದುತ್ತಿದ್ದ ಮೊಮ್ಮಗಳು ಅಹನಾ ವಾರಾಂತ್ಯಕ್ಕೆ ಬಂದಾಗ ಮಾತ್ರ ಅಜ್ಜಿಗೆ ಎದುರಾಳಿ ಸಿಗುತ್ತಿದ್ದಳು.

“ಅಜ್ಜಿ, ಇಟ್ಸ್ ಹಿಸ್ ಡ್ರೀಮ್. ಬಿಟ್ಬಿಡಿ.”

“ಕನಸು ಕಾಣೋಕೆ ಹಾಸಿಗೆ ಸಾಲದಾ? ಗ್ಯಾರೇಜ್ ಬೇರೆ ಬೇಕಾ?”

ಅಜ್ಜಿಯ ಬಾಯಿಗೆ ಬೀಗ ಹಾಕುವವರು ಆ ಮನೆಯಲ್ಲಿ ಇರಲಿಲ್ಲ. ಬೈಯುತ್ತಲೇ ಗ್ಯಾರೇಜಿಗೆ ಫ್ಲಾಸ್ಕಿನಲ್ಲಿ ಕಾಫಿ ಒಯ್ದು ಕೊಡುತ್ತಿದ್ದವರೂ ಅವರೇ.

ಆಯುಧಪೂಜೆ ವಾರದ ನಡುವೆ ಬಂತು. ಸ್ವೀಡನ್ನಿನಲ್ಲಿ ಅದಕ್ಕೆ ರಜೆ ಕೊಡುವವರು ಯಾರು? ರಾಜಗೋಪಾಲ ಕಾರ್ಖಾನೆಗೆ ಹೋದ. ಶೋಭನಾ ತಾನು ಕೆಲಸ ಮಾಡುವ ಡಾಗಿಸ್‌ಗೆ, ಪುಟ್ಟ ಮಕ್ಕಳ ಶಾಲೆಗೆ, ಹೋದಳು. ಅಲ್ಲಿ ಹದಿನಾಲ್ಕು ಮಕ್ಕಳಿಗೆ ಮಳೆಯಂಗಿ, ಮಳೆಪ್ಯಾಂಟು, ಬೂಟು ಹಾಕಿಸುತ್ತಿರುವಾಗಲೇ ಅತ್ತೆಯ ಫೋನು.

“ಕೆಳಗೆ ಕಬ್ಬಿಣದ ಸಾಮಾನೆಲ್ಲ ಜಿಡ್ಡು ಹಿಡ್ಕೊಂಡು ಬಿದ್ದಿದೆ. ತೊಳೆದು ಪೂಜೆಗಿಡ್ಲಾ?”

ಒಂದು ಮಗು ಬಲಗಾಲಿನ ಬೂಟನ್ನು ಎಡಗಾಲಿಗೆ ತೂರಿಸಿಕೊಂಡು ಅಳುತ್ತಿತ್ತು. “ಇಡಿ ಅತ್ತೆ,” ಎಂದು ಶೋಭನಾ ಫೋನಿಟ್ಟಳು. ಸುತ್ತಿಗೆ, ಸ್ಪ್ಯಾನರು ಎಂದುಕೊಂಡಿದ್ದಳು.

ಸಂಜೆ ಗಂಡನ ಜೊತೆಯಲ್ಲೇ ಮನೆಗೆ ಬಂದಳು. ಗ್ಯಾರೇಜಿನ ಬಾಗಿಲು ತೆರೆದಿತ್ತು. ನೆಲದ ಮೇಲೆ ರಂಗೋಲಿ. ಪ್ಲಾಸ್ಟಿಕ್ ಹೊದಿಕೆಗಳು ನೀಟಾಗಿ ಮಡಿಚಿ ಮೂಲೆ ಸೇರಿದ್ದವು. ಎಂಜಿನ್ನು, ಕ್ರ್ಯಾಂಕು, ಪಿಸ್ಟನ್ನುಗಳು ಒಂದು ಹನಿ ಎಣ್ಣೆಯಿಲ್ಲದೆ ಫಳಫಳ ಹೊಳೆಯುತ್ತಿದ್ದವು. ತೆಳ್ಳನೆಯ ಬೇರಿಂಗ್ ಚೂರುಗಳಂತೂ ದೇವರ ಮನೆಯ ಪಂಚಪಾತ್ರೆಯ ಬಣ್ಣಕ್ಕೆ ಬಂದಿದ್ದವು. ಒಂದೊಂದಕ್ಕೂ ಅರಿಶಿನ ಕುಂಕುಮ, ಒಂದೊಂದು ಸೇವಂತಿಗೆ. ಅನಸೂಯಮ್ಮ ಸೊಂಟದ ಮೇಲೆ ಕೈಯಿಟ್ಟು, ಬೆಳಗಿನಿಂದ ಬಗ್ಗಿ ಮಾಡಿದ ಕೆಲಸವನ್ನು ತಾವೇ ಮೆಚ್ಚಿಕೊಳ್ಳುತ್ತ ನಿಂತಿದ್ದರು.

“ಸೋಪು ಹಾಕಿದ್ರೆ ಜಿಡ್ಡು ಬಿಡ್ಲಿಲ್ಲ ಕಣೋ. ಆಮೇಲೆ ಹುಣಸೆಹಣ್ಣು, ಉಪ್ಪು ಹಾಕಿ ದೀಪ ಉಜ್ಜೋ ಹಾಗೆ ಉಜ್ಜಿದೆ. ಹೆಂಗಾಯ್ತು ನೋಡು.”

ಶೋಭನಾ ಗಂಡನ ಮುಖ ನೋಡಿದಳು. ಹುಣಸೆಹುಳಿ ಹಿತ್ತಾಳೆಗೆ ಅಮೃತ, ಉಕ್ಕಿಗೆ ವಿಷ ಎಂಬುದು ಅವಳಿಗೂ ಗೊತ್ತಿತ್ತು. ಆಗಲೇ ಎಂಜಿನ್ನಿನ ಒಳಗೋಡೆಗೆ ಕಿತ್ತಳೆ ಬಣ್ಣದ ತೆಳುಪೊರೆ ಏರಿತ್ತು, ಕನ್ನಡಿಯಂತಿದ್ದ ಕ್ರ್ಯಾಂಕಿನ ಮೇಲೆ ಕಪ್ಪು ಮಚ್ಚೆ ಎದ್ದಿತ್ತು. ರಾಜಗೋಪಾಲ ಬಗ್ಗಿ ನೋಡಿದ. ಎದುರಿಗಿದ್ದದ್ದು ಅವನಿಗೆ ಚೆನ್ನಾಗಿಯೇ ಕಾಣುತ್ತಿತ್ತು.

“ಚೆನ್ನಾಗಾಗಿದೆ ಅಮ್ಮ,” ಎಂದ.

ಕೈಕಾಲು ತೊಳೆದು ಬಂದು ಮಂಗಳಾರತಿ ತೆಗೆದುಕೊಂಡ. ಅಮ್ಮನ ಕಾಲಿಗೆ ನಮಸ್ಕಾರ ಮಾಡಿದ. ಊಟಕ್ಕೆ ಕೂತು ಎರಡು ಒಬ್ಬಟ್ಟು ತಿಂದ, ತುಪ್ಪ ಸಾಕೆಂದರೂ ಅಮ್ಮ ಸುರಿದಾಗ ಸುಮ್ಮನಿದ್ದ. ಅನಸೂಯಮ್ಮ ದೇವರ ಮುಂದೆ ಕೂತ ಮೇಲೆ ಗ್ಯಾರೇಜಿಗಿಳಿದು ಎಣ್ಣೆಬಟ್ಟೆ ಹಿಡಿದು ಉಜ್ಜಿದ್ದೇ ಉಜ್ಜಿದ್ದು. ಹಿಂದಿನಿಂದ ಹೋದ ಶೋಭನಾ ಕ್ರ್ಯಾಂಕಿನ ಮೇಲೆ ಉಗುರು ಎಳೆದಳು. ತುಕ್ಕು ತಿಂದ ಗುಳಿಗೆ ಸಿಕ್ಕಿ ಉಗುರು ತಡೆಯಿತು. ಅವನು ಅವಳ ಕೈಯನ್ನು ಅಲ್ಲಿಂದ ಮೆಲ್ಲಗೆ ಸರಿಸಿ, ಬೇಡ, ನೋಡಿಯಾಯಿತು ಎಂದ. ಆಮೇಲೆ ಗ್ಯಾರೇಜಿನ ಮಾಡು ನೋಡುತ್ತ ಕೂತ. ಮದುವೆಯಾದ ಇಷ್ಟು ವರ್ಷದಲ್ಲಿ ಅವನು ಅತ್ತದ್ದನ್ನು ಅವಳು ನೋಡಿದ್ದು ಅದೇ ಮೊದಲು.

ಎಲ್ಲವನ್ನೂ ಮತ್ತೆ ಅರೆಸಬೇಕಿತ್ತು, ಬೇರಿಂಗುಗಳನ್ನು ಹೊಸದಾಗಿ ತರಿಸಬೇಕಿತ್ತು. ವರ್ಕ್‌ಶಾಪಿನವನು ಒಳ್ಳೆಯ ಮನುಷ್ಯ, ಆದರೆ ಅವನ ಮುಂದೆ ಸಾಲು ಉದ್ದವಿತ್ತು. ಹೊಸ ವರ್ಷ ಕಳೆದ ಮೇಲೆ ಬಾ ಎಂದ. ಆಮೇಲೆ ಹಿಮ, ರಸ್ತೆಗೆ ಸುರಿಯುವ ಉಪ್ಪು. ಹಾಟ್ ರಾಡ್ ಹೊರಗೆ ತರಲು ಮೇ ತಿಂಗಳು ಬರಬೇಕು. ಪರೀಕ್ಷೆ ನವೆಂಬರಿನಲ್ಲಿ.

“ಕ್ಲಿನಿಕ್ಕಿಗೆ ಫೋನ್ ಮಾಡಿ ಮುಂದಕ್ಕೆ ಹಾಕ್ಸಿ,” ಎಂದವಳು ಶೋಭನಾ. ಸಿಂಕಿನ ಪಕ್ಕ ನಿಂತು ತರಕಾರಿ ಹೆಚ್ಚುತ್ತ, ತಲೆ ಎತ್ತದೆ ಹೇಳಿದಳು. “ಅಮ್ಮ ಊರಿಂದ ಬಂದಿದ್ದಾರೆ, ಆಗಲ್ಲ ಅನ್ನಿ. ಒಂದು ಸುತ್ತು ಹೊಡ್ಕೊಂಡು ಬಂದ್ಮೇಲೆ ಏನ್ ಬೇಕಾದ್ರೂ ಮಾಡ್ಕೊಳ್ಲಿ.”

ಅವನು ಎರಡು ದಿನ ಹಿಂದೆಮುಂದೆ ನೋಡಿ ಫೋನ್ ಮಾಡಿದ. ಫೋನೆತ್ತಿದ ಹುಡುಗಿ ಮರುಮಾತಿಲ್ಲದೆ ಮೇ ಕೊನೆಗೆ ಹಾಕಿಕೊಟ್ಟಳು. ಇಷ್ಟು ಸುಲಭವಾಗಿ ಕೆಲಸವಾದದ್ದಕ್ಕೆ ಶೋಭನಾಳಿಗೆ ಆ ಸಂಜೆ ಹಬ್ಬದಂತಾಗಿ ಪಾಯಸ ಮಾಡಿದಳು.

ಆ ವಾರಾಂತ್ಯ ಬಂದ ಅಹನಾಳಿಗೆ ವಿಷಯ ತಿಳಿದು ಚಪಾತಿ ತಟ್ಟೆಯಲ್ಲೇ ಉಳಿಯಿತು. ಅಜ್ಜಿಗೆ ಅರ್ಥವಾಗದಿರಲೆಂದು ಜಗಳ ಪೂರ್ತಿ ಸ್ವೀಡಿಷ್ ಭಾಷೆಯಲ್ಲಿ ನಡೆಯಿತು. ಇದು ತಪ್ಪು ಎಂದಳು ಅಹನಾ. ಹಗಲಲ್ಲೂ ನಿನಗೆ ಪಕ್ಕದ್ದು ಕಾಣುತ್ತಿಲ್ಲ, ಹೋದ ಸಲ ನನ್ನನ್ನು ಸ್ಟೇಷನ್ನಿಗೆ ಬಿಡುವಾಗ ಸೈಕಲ್ಲಿನವನು ತಾನೇ ಪಕ್ಕಕ್ಕೆ ಹಾರಿಕೊಂಡ, ನಾನು ಬಾಯಿ ಮುಚ್ಚಿಕೊಂಡಿದ್ದೆ ಎಂದಳು. ರಾಜಗೋಪಾಲ ತಾನು ಹುಷಾರಾಗಿ ಓಡಿಸುತ್ತೇನೆ, ಮೆಲ್ಲಗೆ ಓಡಿಸುತ್ತೇನೆ ಎಂದ. ಶೋಭನಾ ಗಂಡನ ಪಕ್ಷ ವಹಿಸಿದಳು. ಇಡೀ ಜನ್ಮ ಬೇರೆಯವರಿಗೆಂದು ದುಡಿದವನು ಒಂದು ಸುತ್ತು ಕೇಳಿದರೆ ನಿನಗೇನು ಕಷ್ಟ ಎಂದು ಮಗಳನ್ನು ಗದರಿದಳು.

ಅಹನಾ ಎದ್ದು ನಿಂತು ಈ ಸಲ ಕನ್ನಡದಲ್ಲೇ ಹೇಳಿದಳು, “ನೀನು ಅಪ್ಪನ ಪರ ಮಾತಾಡ್ತಿಲ್ಲ ಅಮ್ಮ. ಅಪ್ಪ ಅಳೋದು ನೋಡಕ್ಕಾಗಲ್ಲ ನಿಂಗೆ, ಅಷ್ಟೆ.”

ಅನಸೂಯಮ್ಮ ಒಬ್ಬೊಬ್ಬರ ಮುಖವನ್ನೂ ನೋಡಿದರು. ಆಮೇಲೆ ಮೊಮ್ಮಗಳ ತಟ್ಟೆಗೆ ಇನ್ನೊಂದು ಬಿಸಿ ಚಪಾತಿ ಹಾಕಿ ಕೂರಿಸಿದರು.

ನವೆಂಬರಿನ ಒಂದು ಶನಿವಾರ, ಹಗಲು ಹೊತ್ತೇ. ಅತ್ತೆ ಹೊರಡುವ ದಿನ ಹತ್ತಿರ ಬಂದಿತ್ತು, ತುಮಕೂರಿನ ಮೊಮ್ಮಕ್ಕಳಿಗೆ ಸ್ವೆಟರ್ ಕೊಳ್ಳಬೇಕಿತ್ತು. ಮನೆಯ ಮಾಮೂಲಿ ಕಾರು, ಸ್ಟೇರಿಂಗಿನಲ್ಲಿ ರಾಜಗೋಪಾಲ, ಪಕ್ಕದಲ್ಲಿ ಶೋಭನಾ, ಹಿಂದೆ ಅನಸೂಯಮ್ಮ. ಲೈಬ್ರರಿಯ ಮುಂದಿನ ಜೀಬ್ರಾ ಪಟ್ಟೆಯ ಹತ್ತಿರ ಶೋಭನಾ ಕಿರುಚಿದಳು. ಅವನು ಬ್ರೇಕ್ ತುಳಿದ. ಕಾರು ಜಾರಿ ನಿಂತಿತು.

ಕಾರಿನ ಮುಂದಿನ ದೀಪಕ್ಕೆ ಒಂದು ಗೇಣು ಪಕ್ಕದಲ್ಲಿ ಹಳದಿ ಅಂಗಿಯ ಪುಟ್ಟ ಹುಡುಗಿ ನಿಂತಿದ್ದಳು. ಶೋಭನಾಳ ಡಾಗಿಸ್ ಮಗು, ಸಾಗಾ. ದಿನಾ ಬೆಳಿಗ್ಗೆ ಬೂಟು ಹಾಕಿಸಿಕೊಳ್ಳಲು ಶೋಭನಾಳೇ ಬೇಕೆಂದು ಹಟ ಹಿಡಿಯುವವಳು. ಹಿಂದೆ ಓಡಿ ಬರುತ್ತಿದ್ದ ಅವಳ ಅಪ್ಪನ ಮುಖ ಸುಣ್ಣದಂತಾಗಿತ್ತು. ಮಗುವಿಗೆ ಮಾತ್ರ ಏನಾಯಿತೆಂಬುದೇ ತಿಳಿದಿರಲಿಲ್ಲ. ಗಾಜಿನೊಳಗೆ ಪರಿಚಿತ ಮುಖ ಕಂಡು ಅರಳಿ, “ಹೇಯ್, ಶೋಭನಾ!” ಎಂದು ಕೈಬೀಸಿತು.

“ಯಾರು?” ಎಂದ ರಾಜಗೋಪಾಲ. “ಎಲ್ಲಿ? ಯಾರು ಕೂಗಿದ್ದು?”

ಅವನು ಇನ್ನೂ ನೇರ ಎದುರಿಗೇ ನೋಡುತ್ತಿದ್ದ.

ಹಿಂದಿನಿಂದ ಅನಸೂಯಮ್ಮ ಹೇಳಿದರು, “ಗೋಪಿ, ಗಾಡಿ ಪಕ್ಕಕ್ಕೆ ಹಾಕಿ ಇಳಿ. ಶೋಭನಾ ಓಡಿಸ್ತಾಳೆ.”

ಅವನು ಇಳಿದು ಮಗುವಿನ ಅಪ್ಪನ ಹತ್ತಿರ ಹೋಗಿ ಏನೋ ಹೇಳಿದ. ಆ ಮನುಷ್ಯ ಮಗುವನ್ನು ಎದೆಗೊತ್ತಿಕೊಂಡು ಉತ್ತರ ಕೊಡದೆ ನಡೆದುಬಿಟ್ಟ. ಸ್ವೆಟರ್ ಕೊಳ್ಳದೆ ಮೂವರೂ ಮನೆಗೆ ಮರಳಿದರು.

ಮನೆಯಲ್ಲಿ ಅನಸೂಯಮ್ಮ ಯಾರನ್ನೂ ಕೇಳದೆ ಕಾಫಿಗಿಟ್ಟರು. ಮೂರು ಲೋಟ ಮೇಜಿನ ಮೇಲಿಟ್ಟರು, ಮಗನದನ್ನು ಎದುರಿಗೆ.

“ನಮ್ಮಣ್ಣ ಶೀನೂ ಹಿಂಗೇ ಲೋಟ ಬೀಳಿಸ್ತಿದ್ದ,” ಎಂದರು. “ಸಂಜೆ ಆದ್ರೆ ಗೋಡೆ ಹಿಡ್ಕೊಂಡು ನಡೀತಿದ್ದ. ನಾನು ಬಂದಿಳಿದ ದಿನವೇ ಗೊತ್ತಾಯ್ತು ಕಣೋ.”

ಗಂಡ ಹೆಂಡತಿ ಇಬ್ಬರೂ ತಲೆ ತಗ್ಗಿಸಿದರು. ಮತ್ತೆ ಯಾಕೆ ಕೇಳಲಿಲ್ಲ ಅತ್ತೆ ಎಂದು ಶೋಭನಾ ಮೆಲ್ಲಗೆ ಕೇಳಿದಳು.

“ನಂಗೆ ಗೊತ್ತಿಲ್ಲ ಅನ್ನೋದೊಂದು ನಿಮಗೆ ಸಮಾಧಾನ ಇತ್ತಲ್ಲ. ಅದನ್ಯಾಕೆ ಕೆಡಿಸ್ಲಿ? ಆ ಕಾರು ಬೇಡ ಅಂತ ಬಾಯಿ ಬಡ್ಕೊಂಡೆ, ನೀವು ಕೇಳ್ಲಿಲ್ಲ. ಸರಿ, ಓಡಿಸೋನು ಓಡಿಸೇ ತೀರ್ತಾನೆ, ದೇವ್ರಾದ್ರೂ ಕಾಯ್ಲಿ ಅಂತ ತೊಳೆದು ಪೂಜೆ ಮಾಡಿದೆ.” ಅವರು ಸೆರಗಿನಿಂದ ಮೇಜು ಒರೆಸಿದರು, ಒರೆಸಲು ಅಲ್ಲೇನೂ ಇರಲಿಲ್ಲ. “ಅದಕ್ಕೂ ತುಕ್ಕು ಹಿಡೀತು. ಮರುದಿನ ಹೋಗಿ ನೋಡ್ದೆ. ನೀನು ಚೆನ್ನಾಗಿದೆ ಅಂದ್ಯಲ್ಲ, ಅದಕ್ಕೆ ನಾನೂ ಸುಮ್ಮನಾದೆ.”

“ಎಂಜಿನ್ ಸರಿಹೋಗತ್ತೆ ಅಮ್ಮ.”

“ಶೀನಣ್ಣಂಗೂ ನಮ್ಮ ತಾಯಿ ಕಡೆಯಿಂದ್ಲೇ ಬಂದಿದ್ದಂತೆ. ಕಣ್ಣೂ ನನ್ನಿಂದ್ಲೇ ಹೋಯ್ತು, ಕಾರೂ ನನ್ನಿಂದ್ಲೇ ಹೋಯ್ತು ನಿಂಗೆ.”

ರಾಜಗೋಪಾಲ ಎಂಜಿನ್ ಸರಿಹೋಗುತ್ತದೆ ಎಂದು ಇನ್ನೊಮ್ಮೆ ಹೇಳಿದ. ಶೋಭನಾ ಎದ್ದು ಹೋಗಿ ಸಿಂಕಿನ ಮುಂದೆ ನಿಂತು, ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದಳು. ಸಾಗಾಳ ಬೀಸಿದ ಕೈ ಅವಳ ಕಣ್ಣಮುಂದಿನಿಂದ ಹೋಗಲಿಲ್ಲ. ಪರೀಕ್ಷೆ ಮುಂದಕ್ಕೆ ಹಾಕಿಸಿ ಎಂದು ಹೇಳಿದ್ದು ಇದೇ ಜಾಗದಲ್ಲಿ ನಿಂತು.

ಸೋಮವಾರ ಅವನೇ ಕ್ಲಿನಿಕ್ಕಿಗೆ ಫೋನ್ ಮಾಡಿ ಬೇಗ ದಿನ ಕೇಳಿದ. ಕ್ರಿಸ್‌ಮಸ್ಸಿಗೆ ಮುಂಚೆ ಲೈಸೆನ್ಸ್ ಹೋಯಿತು. ಅನಸೂಯಮ್ಮ ಅಷ್ಟರಲ್ಲಿ ಹೊರಟುಹೋಗಿದ್ದರು. ಗೋಥೆನ್‌ಬರ್ಗಿನ ವಿಮಾನ ನಿಲ್ದಾಣಕ್ಕೆ ಅವರನ್ನು ಬಿಡಲು ಎಲ್ಲರೂ ಬಸ್ಸಿನಲ್ಲಿ ಹೋದರು, ರಾಜಗೋಪಾಲ ಕಿಟಕಿ ಪಕ್ಕ ಕೂತ. ಹಳೇ ವಿಮಾನಪಟ್ಟಿಯಂಥ ಸಂಚಾರಕ್ಕೆ ಮುಚ್ಚಿದ ಜಾಗದಲ್ಲಿ, ಯಾರೂ ಇಲ್ಲದ ಕಡೆ, ಲೈಸೆನ್ಸ್ ಇಲ್ಲದೆಯೂ ಕಾರು ಓಡಿಸಬಹುದು, ಕ್ಲಬ್ಬಿನವರು ಅಂಥ ಜಾಗ ಗೊತ್ತುಮಾಡಿ ಕೊಡುತ್ತಾರೆ ಎಂದು ಅಹನಾ ಅಜ್ಜಿಗೆ ಬಿಡಿಸಿ ಹೇಳಿದ್ದಳು. ಅಜ್ಜಿ ಅದನ್ನು ಬಿಗಿಯಾಗಿ ಹಿಡಿದುಕೊಂಡರು. ಒಳಗೆ ಹೋಗುವ ಮುಂಚೆ ಮಗನ ಗಲ್ಲ ಹಿಡಿದು, “ಅಲ್ಲೇ ಒಂದು ಸುತ್ತು ಓಡಿಸು. ಓಡಿಸಿದೆ ಅಂತ ಒಂದು ಮಾತು ಹೇಳು. ನಾನು ನೆಮ್ಮದಿಯಾಗಿ ಸಾಯ್ತೀನಿ” ಎಂದರು.

ಚಳಿಗಾಲ ಪೂರ್ತಿ ಭಾನುವಾರದ ಫೋನಿನಲ್ಲಿ ಅದೇ ಪ್ರಶ್ನೆ. ಊಟ ಆಯ್ತಾ ಎಂಬುದಕ್ಕೂ ಮುಂಚೆ, ಓಡಿಸಿದ್ಯಾ? ಇಲ್ಲಮ್ಮ, ಇನ್ನೂ ಜೋಡಿಸುತ್ತಿದ್ದೇನೆ. ತುಮಕೂರಿನ ನಾದಿನಿ ಬೇರೆಯಾಗಿ ಫೋನ್ ಮಾಡಿ, ಅಮ್ಮ ಸರಿಯಾಗಿ ಊಟ ಮಾಡುತ್ತಿಲ್ಲ, ದೇವರ ದೀಪ ಉಜ್ಜಲು ಹುಣಸೆಹಣ್ಣು ಮುಟ್ಟಿದರೆ ಅಳುತ್ತಾರೆ ಎಂದಳು. ಎಂಜಿನ್ ಮರಳಿ ಬಂದ ಮೇಲೆ ಶೋಭನಾ ಕೆಲಸದಿಂದ ಬಂದವಳೇ ಗ್ಯಾರೇಜಿಗೆ ಇಳಿಯುತ್ತಿದ್ದಳು. ಅವನು ಕೇಳಿದ ಸಾಮಾನನ್ನು ಅವನ ಮೂಗಿನ ನೇರಕ್ಕೆ ಹಿಡಿಯುವುದು ಅವಳ ಕೆಲಸ. ಅಡುಗೆ ತಡವಾಗುತ್ತಿತ್ತು, ಸಾರಿಗೆ ಎಣ್ಣೆಯ ವಾಸನೆ ಬರುತ್ತಿತ್ತು, ಇಬ್ಬರೂ ಉಣ್ಣುತ್ತಿದ್ದರು.

ಮೇ ತಿಂಗಳಲ್ಲಿ ಎಂಜಿನ್ ಶುರುವಾಯಿತು. ಬೀದಿಯ ಅಷ್ಟೂ ನಾಯಿಗಳು ಬೊಗಳಿದವು. ತಪಾಸಣೆಯೂ ಆಯಿತು. ಅಷ್ಟರಲ್ಲಿ ಲೈಸೆನ್ಸ್ ಪಡೆದಿದ್ದ ಅಹನಾ ಒಂದು ಶನಿವಾರ ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹಾಟ್ ರಾಡನ್ನು ವಿಮಾನಪಟ್ಟಿಗೆ ಒಯ್ದಳು. ಹಿಂದೆ ಮನೆಯ ಕಾರಿನಲ್ಲಿ ಶೋಭನಾ. ಕಣ್ಣು ಹಾಯುವಷ್ಟು ದೂರ ಖಾಲಿ ಸಿಮೆಂಟು ನೆಲ, ಬಿರುಕುಗಳಲ್ಲಿ ಹುಲ್ಲು. ಅಹನಾ ಇಳಿದು ಕೀ ಕೊಟ್ಟಳು. ಅವನು ಸ್ಟೇರಿಂಗಿನ ಮುಂದೆ ಕೂತ. ಹೇಳಿದ್ದಂತೆ ಶೋಭನಾ ಪಕ್ಕದಲ್ಲಿ ಕೂತಳು. ಹಸಿರು ಸೀರೆ ಉಟ್ಟು ಬಂದಿದ್ದಳು. ಅವನು ಎಂಜಿನ್ ಶುರು ಮಾಡಿ, ಗೇರ್ ಹಾಕಿ, ಕಾಲನ್ನು ಕ್ಲಚ್ಚಿನ ಮೇಲೆ ಹಾಗೇ ಇಟ್ಟುಕೊಂಡು ಕೂತ.

“ಯಾರಾದ್ರೂ ಇದ್ದಾರಾ?”

“ಯಾರೂ ಇಲ್ಲರೀ.”

“ಆ ಕಡೆ?”

“ಯಾರೂ ಇಲ್ಲ. ಅಹನಾ ಹಿಂದೆ ಇದ್ದಾಳೆ, ದೂರ.”

ಅವನು ಇನ್ನೂ ಸ್ವಲ್ಪ ಹೊತ್ತು ಎದುರಿಗೆ ನೋಡಿದ. “ಅವತ್ತೂ ನನ್ನ ಕಣ್ಣಿಗೆ ಯಾರೂ ಇರ್ಲಿಲ್ಲ,” ಎಂದು ಎಂಜಿನ್ ಆರಿಸಿ ಕೆಳಗಿಳಿದ.

ಶೋಭನಾ ಬಲವಂತ ಮಾಡಲಿಲ್ಲ. ಅಹನಾ ಒಂದು ಸಲ, ಅಪ್ಪ, ಪ್ಲೀಸ್ ಎಂದು ನೋಡಿದಳು. ಮನೆಗೆ ಅವಳೇ ಓಡಿಸಿಕೊಂಡು ಬಂದಳು.

ಮರುದಿನ ಭಾನುವಾರ. ಇವತ್ತು ಅತ್ತೆಗೆ ಏನು ಹೇಳುವುದು ಎಂದು ಶೋಭನಾ ತಿಂಡಿಯ ಹೊತ್ತಿಗೇ ಕೇಳಿದಳು. ಓಡಿಸಿದೆ ಅನ್ನುತ್ತೇನೆ ಎಂದ ರಾಜಗೋಪಾಲ. ಬಾಯಿಮಾತನ್ನು ಅವರು ನಂಬುವುದಿಲ್ಲ, ಚೆನ್ನಾಗಿದೆ ಅಂದದ್ದನ್ನು ಒಂದು ಸಲ ಕೇಳಿ ಆಗಿದೆ ಎಂದಳು ಶೋಭನಾ. ಅಹನಾ ಮಾತ್ರ, ಈ ಮನೆಯಲ್ಲಿ ಸುಳ್ಳು ಹೇಳಿ ಹೇಳಿಯೇ ಇಷ್ಟೆಲ್ಲ ಆದದ್ದು, ನಾನು ಇದರಲ್ಲಿಲ್ಲ ಎಂದು ದೋಸೆ ಅರ್ಧಕ್ಕೆ ಬಿಟ್ಟು ಮಹಡಿ ಹತ್ತಿದಳು.

ಗಂಡ ಹೆಂಡತಿ ಗ್ಯಾರೇಜಿಗೆ ಹೋದರು. ಹೊಗೆ ಹೋಗಲೆಂದು ಬಾಗಿಲು ಪೂರ್ತಿ ತೆರೆದರು. ಅವನು ಸ್ಟೇರಿಂಗಿನ ಮುಂದೆ ಕೂತು ಎಂಜಿನ್ ಶುರು ಮಾಡಿದ. ಅವಳು ಪಕ್ಕದಲ್ಲಿ ಕೂತು ವಿಡಿಯೊ ಕರೆ ಮಾಡಿ, ಗೋಡೆ ಕಾಣದಂತೆ, ಅವನ ಮುಖ, ಸ್ಟೇರಿಂಗು, ಕಾರಿನ ಮಾಡು ಇಷ್ಟೇ ಕಾಣುವಂತೆ ಫೋನು ಹಿಡಿದಳು. ತುಮಕೂರಿನ ಕೋಣೆಯಲ್ಲಿ ಅನಸೂಯಮ್ಮ ಕನ್ನಡಕ ಹಾಕಿಕೊಂಡು ಹತ್ತಿರ ಬಂದರು.

“ಏನೋ ಅದು ಸದ್ದು?”

“ಕಾರಮ್ಮ. ಓಡಿಸ್ತಿದೀನಿ. ಖಾಲಿ ಜಾಗ, ಅಹನಾ ಹೇಳಿದ್ಲಲ್ಲ.”

“ನೀನೇನಾ?”

“ನಾನೇ. ನೋಡು.” ಸ್ಟೇರಿಂಗನ್ನು ಸ್ವಲ್ಪ ಎಡಕ್ಕೆ ತಿರುಗಿಸಿದ, ಬಲಕ್ಕೆ ತಿರುಗಿಸಿದ. ಚಿತ್ರ ಮಾತ್ರ ಗೋಡೆಗೆ ಹೊಡೆದ ಫೋಟೋದಂತೆ ಅಲ್ಲಾಡದೆ ನಿಂತಿತ್ತು. ಅನಸೂಯಮ್ಮ ಹುಬ್ಬು ಗಂಟಿಕ್ಕಿ ಇನ್ನೂ ಹತ್ತಿರ ಬಂದರು.

ಅಷ್ಟರಲ್ಲಿ ಕಾರು ಮೆಲ್ಲಗೆ ತೂಗಿತು. ಮತ್ತೊಮ್ಮೆ ತೂಗಿತು. ಶೋಭನಾ ಕನ್ನಡಿಯಲ್ಲಿ ನೋಡಿದಳು. ಅಹನಾ ಬರಿಗಾಲಲ್ಲಿ ಇಳಿದು ಬಂದು, ಹಿಂದೆ ಬಂಪರಿಗೆ ಎರಡೂ ಕೈ ಕೊಟ್ಟು ಕಾರನ್ನು ಅಲುಗಿಸುತ್ತಿದ್ದಳು.

ತುಮಕೂರಿನಲ್ಲಿ ಮುಖ ಸಡಿಲವಾಯಿತು. “ಮೆಲ್ಲಗೆ ಹೋಗೋ. ಯಾರಾದ್ರೂ ಅಡ್ಡ ಬಂದಾರು.”

“ಯಾರೂ ಇಲ್ಲಮ್ಮ. ರಸ್ತೆ ಖಾಲಿ ಇದೆ.”

“ಚೆನ್ನಾಗಿ ಓಡತ್ತಾ? ನಾನು ತೊಳೆದಿದ್ದಕ್ಕೆ ಏನೂ ಆಗಿಲ್ವಾ?”

“ಏನೂ ಆಗಿಲ್ಲ.”

ಅನಸೂಯಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಓಡಿಸುವಾಗ ಮಾತಾಡಬಾರದು, ಇಡು ಎಂದು ಬೈದು ತಾವೇ ಫೋನಿಟ್ಟರು.

ಶೋಭನಾ ಫೋನನ್ನು ಮಡಿಲಲ್ಲಿಟ್ಟುಕೊಂಡಳು. ರಾಜಗೋಪಾಲ ಎಂಜಿನ್ ಆರಿಸಲಿಲ್ಲ. ಎರಡೂ ಕೈಯಲ್ಲಿ ಸ್ಟೇರಿಂಗ್ ಹಿಡಿದು, ಎದುರಿನ ಗೋಡೆಯನ್ನು ನೋಡುತ್ತ, ಅದನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಿದ್ದ. ಫೋನಿಟ್ಟದ್ದು ಹಿಂದೆ ನಿಂತಿದ್ದ ಅಹನಾಳಿಗೂ ಕಂಡಿತ್ತು. ಆದರೂ ಅವಳು ಕಾರು ಅಲುಗಿಸುವುದನ್ನು ನಿಲ್ಲಿಸಲಿಲ್ಲ.